ಕೈಗೆ ಒಣ, ಒಳಗೆ ಹಸಿ

ತೊಗರಿ ಬೆಳೆಯುವ ನಮ್ಮ ಆಳಂದ, ಅಫಜಲಪುರ, ಜೇವರ್ಗಿಯ ಮನೆಗಳಿಗೆ ತೇವಾಂಶ ಎಂಬ ಮಾತು ಹೊಸದಲ್ಲ. ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ಕಾಳಿನ ತೇವ ಶೇ. 12 ದಾಟಿದರೆ ಚೀಲ ವಾಪಸ್. ಕಾಳಿಗೆ ಇಷ್ಟು ಲೆಕ್ಕ ಇಡುವ ನಾವು, ಮಕ್ಕಳು ಮಲಗುವ ಕೋಣೆಯ ಗೋಡೆಯನ್ನು ಮಾತ್ರ ಅಂಗೈಯಿಂದ ಮುಟ್ಟಿ 'ಒಣಗಿದೆ' ಎಂದುಬಿಡುತ್ತೇವೆ.

2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕುಗಳ ದಂಡೆಯ ಊರುಗಳಿಗೆ ನುಗ್ಗಿತ್ತು. ಅಂಗಳದ ನೀರು ಬೇಗ ಇಳಿಯುತ್ತದೆ, ಗೋಡೆ ಕುಡಿದ ನೀರು ಹಾಗಲ್ಲ. ದಪ್ಪ ಕಲ್ಲು-ಮಣ್ಣಿನ ಗೋಡೆಯ ಹೊರಮೈ ಬಿಸಿಲಿಗೆ ಬೇಗ ಒಣಗಿದರೂ ಒಳಗಿನ ಹಸಿ ತಿಂಗಳುಗಟ್ಟಲೆ ಉಳಿಯುತ್ತದೆ. ಹೊಳೆ ಬಾರದ ಊರಲ್ಲಿ ಮಣ್ಣಿನ ಮಾಳಿಗೆ ಸೋರಿದರೂ ಇದೇ ಕಥೆ.

ಈದ್ ಹತ್ತಿರ ಬಂತೆಂದು ನಾವೂ ಒಮ್ಮೆ ಅವಸರದಲ್ಲಿ ಪ್ಲಾಸ್ಟಿಕ್ ಪೇಂಟ್ ಹೊಡೆಸಿ, ಅಲ್ಮಾರಿಯನ್ನು ಗೋಡೆಗೆ ಒತ್ತಿಟ್ಟೆವು. ಎರಡು ತಿಂಗಳ ನಂತರ ಸರಿಸಿದರೆ ಹಿಂದೆಲ್ಲ ಕಪ್ಪು ಬೂಷ್ಟು. ಇಂಥ ಬೂಷ್ಟಿನ ಕಣ ಉಸಿರಿನೊಂದಿಗೆ ಒಳಹೋದರೆ ಮೂಗು ಸೋರುವುದು, ಕೆಮ್ಮು. ಅಸ್ತಮಾ ಇದ್ದವರಿಗಂತೂ ಉಬ್ಬಸವೇ ಹೆಚ್ಚುತ್ತದೆ. ಸುಣ್ಣವಾದರೆ ಗೋಡೆಗೆ ಉಸಿರಾಡಲು ಬಿಡುತ್ತದೆ, ಪ್ಲಾಸ್ಟಿಕ್ ಪೇಂಟ್ ತೇವವನ್ನು ಒಳಗೇ ಕಟ್ಟಿಹಾಕುತ್ತದೆ.

ಪರೀಕ್ಷೆಗೆ ಖರ್ಚಿಲ್ಲ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೋ ನೆಲಕ್ಕೋ ಇಟ್ಟು, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಅಂಟಿಸಿ. ಒಂದು ಹಗಲು, ಒಂದು ರಾತ್ರಿ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದರೆ ತೇವ ಗೋಡೆಯಿಂದಲೇ ಬರುತ್ತಿದೆ. ಹೊರಮೈಯಲ್ಲಿ ಮಾತ್ರ ಹನಿಯಿದ್ದರೆ ಅದು ಕೋಣೆಯ ಗಾಳಿಯದು, ಕಿಟಕಿ ತೆರೆದಿಡಿ. ಶಹಾಬಾದ್ ಕಲ್ಲಿನ ನೆಲದಲ್ಲಿ ಹಾಳೆಯನ್ನು ಸಂದಿಯ ಮೇಲೆಯೇ ಹಾಕಿ, ಏಕೆಂದರೆ ನೀರು ಏರುವುದು ಹೆಚ್ಚಾಗಿ ಅಲ್ಲಿಂದ. ಜಾನಮಾಝ್ ಮುಗ್ಗಲು ವಾಸನೆ ಬರುವುದೂ ಅದರಿಂದಲೇ ಇರಬಹುದು.

ಬಾಗಿಲು, ಚೌಕಟ್ಟಿನ ಮರಕ್ಕೆ ತಕ್ಕಡಿ ಸಾಕು. ಬಡಿಗರಿಂದ ಒಂದು ಚೂರು ತೆಗೆಸಿ ತೂಗಿ. ಅದನ್ನು ಓವನ್‌ನಲ್ಲಿ ಸುಮಾರು 103 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. 120 ಗ್ರಾಂ ಇದ್ದದ್ದು 100ಕ್ಕೆ ನಿಂತರೆ, ಕಳೆದ 20 ಗ್ರಾಂ ಅನ್ನು ಒಣತೂಕ 100ರಿಂದ ಭಾಗಿಸಬೇಕು: ತೇವ ಶೇ. 20. ಅದಕ್ಕಿಂತ ಮೇಲಿದ್ದರೆ ಮರ ಕೊಳೆಯುವ ಅಪಾಯವಿದೆ. ಹೊಸ ಬಾಗಿಲಿಗೆ ಶೇ. 12ರ ಆಸುಪಾಸು ಒಳ್ಳೆಯದು. ತೊಗರಿಯ ಲೆಕ್ಕವೇ, ನೆನಪಿಡುವುದು ಸುಲಭ.

ಎರಡು ಮುಳ್ಳಿನ ತೇವಮಾಪಕವೂ ಸಿಗುತ್ತದೆ. ಹಸಿ ಹೆಚ್ಚಿದಷ್ಟೂ ವಿದ್ಯುತ್ ಸಲೀಸಾಗಿ ಹರಿಯುವುದನ್ನು ಅದು ಅಳೆಯುತ್ತದೆ. ಆದರೆ ಇವುಗಳಲ್ಲಿ ಹೆಚ್ಚಿನವುಗಳ ಅಂಕಿ ಮರಕ್ಕಾಗಿ ಹೊಂದಿಸಿದ್ದು. ಗೋಡೆಯಲ್ಲಿ ಅದನ್ನು ಶೇಕಡಾ ಎಂದು ನಂಬಬೇಡಿ, ಬಿಳಿ ಉಪ್ಪು ಒಡೆದ ಕಡೆಯಂತೂ ಸುಳ್ಳೇ ಹೆಚ್ಚು ತೋರಿಸುತ್ತದೆ. ಅದೇ ಮನೆಯ ಒಣ ಗೋಡೆಯೊಂದಿಗೆ ಹೋಲಿಸಿ. ಪ್ರತಿ ವಾರ ಅದೇ ಜಾಗದಲ್ಲಿ ಚುಚ್ಚಿ, ಪಕ್ಕದಲ್ಲೇ ಪೆನ್ಸಿಲಿನಿಂದ ತಾರೀಖು, ಅಂಕಿ ಬರೆಯಿರಿ. ಅಂಕಿ ಇಳಿದು ಒಣ ಗೋಡೆಯ ಸಮಕ್ಕೆ ಬಂದಮೇಲೆ ಪೇಂಟರಿಗೆ ಹೇಳಿ ಕಳಿಸಿ.