ಮೀಸೆಯಿಲ್ಲದ ಗೆಂಡೆ

ಡಲ್ಲಾಸ್ ಪಕ್ಕದ ರೇ ಹಬ್ಬರ್ಡ್ ಕೆರೆಯಲ್ಲಿ ಗಾಳ ಹಾಕುವವರಲ್ಲಿ ಹೆಚ್ಚಿನವರಿಗೆ ಬೇಕಾದದ್ದು ಬಾಸ್, ಇಲ್ಲವೇ ಕ್ಯಾಟ್‌ಫಿಶ್. ಮೆಕ್ಕೆಜೋಳದ ಕಾಳು ಚುಚ್ಚಿ ತಳಕ್ಕೆ ಬಿಟ್ಟು ಕೂರುವ ನಮ್ಮಂಥವರು ಕಡಿಮೆ. ಆವತ್ತು ಸಿಕ್ಕ ಮೀನು ಹಾರಾಡಲಿಲ್ಲ, ದಾರವನ್ನು ಭಾರವಾಗಿ ಎಳೆದುಕೊಂಡು ಆಳಕ್ಕೆ ನಡೆಯಿತು. ಬಲೆಗೆ ಬಂದಾಗ ಜತೆಗಿದ್ದ ತೀರ್ಥಹಳ್ಳಿಯ ಗೆಳೆಯ "ಗೆಂಡೆ ಮಾರಾಯಾ" ಎಂದ. ಪಕ್ಕದಲ್ಲಿದ್ದ ಅಮೆರಿಕನ್ ಅಜ್ಜನೂ ಕಾರ್ಪ್ ಎಂದೇ ತೀರ್ಪು ಕೊಟ್ಟ. ವಾಪಸ್ ಬಿಡಬೇಡಿ, ದಂಡೆಗೆ ಎಸೆದುಬಿಡಿ ಎಂಬ ಸಲಹೆ ಬೇರೆ.

ದೂರದಿಂದ ಗೆಂಡೆಯೇ. ದೊಡ್ಡ ಹುರುಪೆ, ಉಬ್ಬಿದ ಬೆನ್ನು, ಬೆನ್ನುದ್ದಕ್ಕೂ ಚಾಚಿದ ಈಜುರೆಕ್ಕೆ. ಬಣ್ಣ ಮಾತ್ರ ಬೂದು. ಬಣ್ಣವನ್ನು ನಾನು ನಂಬುವುದಿಲ್ಲ. ಕದಡಿದ ನೀರಿನ ಮೀನು ಒಂದು ಥರ, ತಿಳಿನೀರಿನದು ಇನ್ನೊಂದು ಥರ. ನೋಡಬೇಕಾದದ್ದು ಬಾಯಿ. ಸಾಮಾನ್ಯ ಗೆಂಡೆಗೆ ಬಾಯಿಯ ಎರಡೂ ಪಕ್ಕ ಎರಡೆರಡು ಮೀಸೆ. ಇದಕ್ಕೆ ಒಂದೂ ಇರಲಿಲ್ಲ. ಅಷ್ಟಕ್ಕೇ ಮುಗಿಯಿತೆನ್ನುವಂತಿಲ್ಲ, ನಮ್ಮ ಕಾಟ್ಲಾಕ್ಕೂ ಮೀಸೆಯಿಲ್ಲ. ಆದರೆ ಕಾಟ್ಲಾದ ಬಾಯಿ ಮೇಲ್ಮುಖ, ಇದರದ್ದು ಚಿಕ್ಕದು, ಕೆಳಮುಖ, ತುಟಿ ದಪ್ಪ. ಕೈ ಒದ್ದೆ ಮಾಡಿಕೊಂಡು ಬೆನ್ನಿನ ರೆಕ್ಕೆಯ ಮುಂಭಾಗ ಸವರಿದೆ. ಗೆಂಡೆಯಾಗಿದ್ದರೆ ಅಲ್ಲಿ ಗರಗಸದಂಥ ಗಟ್ಟಿ ಮುಳ್ಳು ತಾಗಬೇಕಿತ್ತು. ಇದು ಮೆತ್ತಗೆ ಬಾಗಿತು.

ಸ್ಮಾಲ್‌ಮೌತ್ ಬಫಲೋ! ಗೆಂಡೆಯ ಕುಟುಂಬದ್ದೇ ಅಲ್ಲ, ಸಕ್ಕರ್ ಮೀನುಗಳ ಪೈಕಿ. ಉತ್ತರ ಅಮೆರಿಕದ ಸ್ವಂತ ಮೀನು. ಇಲ್ಲಿ ಪರದೇಶಿ ಎನ್ನಬೇಕಾದದ್ದು ಗೆಂಡೆಯನ್ನು. 1877ರಲ್ಲಿ ಅಮೆರಿಕ ಸರ್ಕಾರದ ಮೀನು ಆಯೋಗವೇ ಅದನ್ನು ಜರ್ಮನಿಯಿಂದ ತರಿಸಿತ್ತು. (ನಮ್ಮ ಕೆರೆಗಳಿಗೂ ಅದು ಹೊರಗಿನಿಂದ ಬಂದದ್ದೇ.) ಈಗ ಗೆಂಡೆಯ ಮೇಲಿನ ಸಿಟ್ಟಿಗೆ ಬಫಲೋ ದಂಡ ತೆರುತ್ತಿದೆ.

ಆ ದಂಡ ಎಷ್ಟು ದೊಡ್ಡದೆಂದು ಗೊತ್ತಾದದ್ದು ಇತ್ತೀಚೆಗೆ. ಮೀನಿನ ಕಿವಿಯೊಳಗಿನ ಪುಟ್ಟ ಕಲ್ಲನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಮರದಂತೆ ವರ್ಷಕ್ಕೊಂದು ಉಂಗುರ ಕಾಣುತ್ತದೆ. ಹಾಗೆ ಎಣಿಸಿದಾಗ ಬಿಗ್‌ಮೌತ್ ಬಫಲೋ ಒಂದಕ್ಕೆ 112 ವರ್ಷ ಎಂದು 2019ರಲ್ಲಿ ಪ್ರಕಟವಾಯಿತು; ಅದಕ್ಕೂ ಮುಂಚೆ ಆ ಜಾತಿಗೆ ಇಪ್ಪತ್ತಾರೇ ಹೆಚ್ಚು ಎಂಬ ಲೆಕ್ಕವಿತ್ತು. 2023ರಲ್ಲಿ ಅರಿಜೋನದ ಅಪಾಚೆ ಕೆರೆಯ ಮೀನುಗಳ ಸರದಿ. 1918ರಲ್ಲಿ ಮೇಲಿನ ರೂಸ್‌ವೆಲ್ಟ್ ಜಲಾಶಯಕ್ಕೆ ಬಿಟ್ಟ ಕಾಲದ ಬಫಲೋಗಳು ಇನ್ನೂ ಜೀವಂತ ಇದ್ದವು. ಸ್ಮಾಲ್‌ಮೌತ್ ಕೂಡ ನೂರು ದಾಟುತ್ತದೆ ಎಂದು ಆಗ ಖಚಿತವಾಯಿತು. ನಮ್ಮ ಕೈಲಿದ್ದದ್ದು ಮರಿಯೋ, ಅಜ್ಜನಿಗಿಂತ ಹಿರಿಯನೋ? ಗಾತ್ರ ನೋಡಿ ಹೇಳುವ ಹಾಗಿಲ್ಲ.

ಗೆಳೆಯನಿಗೆ ಸಾರಿನ ಆಸೆಯಿತ್ತು. ತಪ್ಪೇನಿಲ್ಲ, ಅಮೆರಿಕದ ದಕ್ಷಿಣದ ಮಂದಿ ಬಫಲೋದ ಪಕ್ಕೆಲುಬು ಕರಿದು ಚಪ್ಪರಿಸಿ ತಿನ್ನುತ್ತಾರೆ. ನಾನು ಬಿಟ್ಟೆ.

ಹೊರದೇಶದಲ್ಲಿ ಗಾಳ ಹಿಡಿಯುವವರು ಗುರುತು ಸಿಗದ ಮೀನನ್ನು ಒದ್ದೆ ಕೈಯಲ್ಲೇ ಹಿಡಿಯಿರಿ. ಪಕ್ಕದಿಂದ ಇಡೀ ಮೈ, ಎದುರಿನಿಂದ ಬಾಯಿ, ಬಿಚ್ಚಿದ ಬೆನ್ನಿನ ರೆಕ್ಕೆ, ಇಷ್ಟು ಫೋಟೊ ತೆಗೆದು ನೀರಿಗೆ ಬಿಡಿ. ಹೆಸರು ಹುಡುಕುವ ಕೆಲಸವನ್ನು ಮನೆಗೆ ಹೋಗಿ ಮಾಡಬಹುದು.