ಭ್ರೂಣದ ಹೈಡ್ರಾಪ್ಸ್: ಕಾರಣ ಪತ್ತೆಯಲ್ಲಿ ಶವಪರೀಕ್ಷೆಯ ಪಾತ್ರ (ಮುಖ್ಯಾಂಶಗಳು)

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ನರ್ಸಿಂಗ್ ಮತ್ತು ವೈದ್ಯಕೀಯ ವಿದ್ಯಾರ್ಥಿಗಳಿಗಾಗಿ

ವ್ಯಾಖ್ಯೆ
- ಹೊಟ್ಟೆ, ಎದೆಗೂಡು, ಹೃದಯದ ಹೊರಚೀಲ, ಚರ್ಮ: ಇವುಗಳಲ್ಲಿ ಕನಿಷ್ಠ ಎರಡು ಕಡೆ ನೀರು ತುಂಬಿದರೆ ಹೈಡ್ರಾಪ್ಸ್. ಸ್ಕ್ಯಾನಿಂಗ್‌ನಲ್ಲಿ ಚರ್ಮದ ದಪ್ಪ 5 ಮಿ.ಮೀ. ಮೀರಿದರೆ ಬಾವು ಎಂದು ಲೆಕ್ಕ.
- ಹೈಡ್ರಾಪ್ಸ್ ರೋಗವಲ್ಲ, ರೋಗದ ಲಕ್ಷಣ. ಆದ್ದರಿಂದ ಕಾರಣ ಬರೆಯದ ವರದಿ ಅಪೂರ್ಣ.

ವಿಧಗಳು
- ಪ್ರತಿರಕ್ಷಾಜನ್ಯ: ಮುಖ್ಯವಾಗಿ ತಾಯಿ ಆರ್‌ಎಚ್ ನೆಗೆಟಿವ್, ಮಗು ಪಾಸಿಟಿವ್ ಇದ್ದಾಗ.
- ಪ್ರತಿರಕ್ಷೇತರ: 1943ರಲ್ಲಿ ಎಡಿತ್ ಪಾಟರ್ ಇದನ್ನು ಪ್ರತ್ಯೇಕಿಸಿದರು. 1968ರ ನಂತರ ಆಂಟಿ-ಡಿ ಚುಚ್ಚುಮದ್ದು ಬಳಕೆಗೆ ಬಂದು ಆರ್‌ಎಚ್ ಪ್ರಕರಣಗಳು ಇಳಿದವು; ಈಗ ಸುಮಾರು ಶೇ. 90 ಪ್ರಕರಣಗಳು ಈ ಗುಂಪಿನವು.

ಶವಪರೀಕ್ಷೆಯ ಕ್ರಮ
1. ಪಾಲಕರ ಲಿಖಿತ ಒಪ್ಪಿಗೆ. ಇದು ಪೊಲೀಸ್ ಕೇಸಿನ ಪೋಸ್ಟ್‌ಮಾರ್ಟಂ ಅಲ್ಲ ಎಂಬುದನ್ನು ಮನೆಯವರಿಗೆ ಮೊದಲೇ ತಿಳಿಸಬೇಕು.
2. ತೂಕ, ಅಳತೆ, ಫೋಟೊ, ಇಡೀ ದೇಹದ ಎಕ್ಸ್-ರೇ.
3. ಎದೆ, ಹೊಟ್ಟೆಯ ನೀರಿನ ಪ್ರಮಾಣ ಮತ್ತು ಬಣ್ಣ.
4. ರಕ್ತ ಹರಿಯುವ ದಾರಿ ಹಿಡಿದು ಹೃದಯವನ್ನು ತೆರೆದು ನೋಡುವುದು.
5. ಅಂಗಾಂಶ ಪರೀಕ್ಷೆ, ವರ್ಣತಂತು ಪರೀಕ್ಷೆ.

ಕಣ್ಣಿಗೆ ಕಾಣುವುದು, ಅದರ ಅರ್ಥ
- ದೊಡ್ಡದಾದ ಯಕೃತ್ತು ಮತ್ತು ಗುಲ್ಮ, ಬಿಳಿಚಿದ ದಪ್ಪ ಮಾಸು: ತೀವ್ರ ರಕ್ತಹೀನತೆ. ಆರ್‌ಎಚ್ ಕಾರಣವೇ ಎಂಬುದನ್ನು ಕೂಂಬ್ಸ್ ಪರೀಕ್ಷೆ ಹೇಳುತ್ತದೆ.
- ಎಳೆಯ ಕೆಂಪು ರಕ್ತಕಣಗಳ ಕೋಶಕೇಂದ್ರದಲ್ಲಿ ಗಾಜಿನಂಥ ಕಲೆ: ಪಾರ್ವೊವೈರಸ್ ಬಿ19.
- ಗೂಬೆಗಣ್ಣಿನಂಥ ಕೋಶ: ಸೈಟೊಮೆಗಲೊವೈರಸ್.
- ಮಾಸು, ಯಕೃತ್ತುಗಳಲ್ಲಿ ನೊರೆ ತುಂಬಿದಂಥ ಕೋಶ: ಲೈಸೊಸೋಮಲ್ ಸಂಗ್ರಹ ರೋಗ.
- ಒಂದೇ ಮಾಸಿನ ಅವಳಿಗಳಲ್ಲಿ ರಕ್ತನಾಳಗಳ ಕೂಡುವಿಕೆ: ಅವಳಿಗಳ ನಡುವೆ ರಕ್ತ ವರ್ಗಾವಣೆ.
- ಕುತ್ತಿಗೆಯ ನೀರುಗುಳ್ಳೆ, ಮಹಾಪಧಮನಿ ಕಿರಿದಾಗಿರುವುದು: ಟರ್ನರ್ ಲಕ್ಷಣಕೂಟದ ಅನುಮಾನ.

ಶವಪರೀಕ್ಷೆಗೆ ಕಾಣದ್ದು
- ಹೃದಯಬಡಿತದ ಏರುಪೇರು ದೇಹದಲ್ಲಿ ಗುರುತು ಬಿಡದೆ ಹೋಗಬಹುದು. ಗರ್ಭದಲ್ಲಿದ್ದಾಗಿನ ಎಕೊ ವರದಿ, ತಾಯಿಯ ಆಂಟಿ-ರೊ ಪರೀಕ್ಷೆ ಬೇಕು.

ಮಾದರಿ ಹಾಳಾಗದಿರಲು
- ದೇಹವನ್ನು 4 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿ. ಹೆಪ್ಪುಗಟ್ಟಿಸಬೇಡಿ.
- ವರ್ಣತಂತು ಪರೀಕ್ಷೆಯ ಚರ್ಮದ ತುಣುಕನ್ನು ಫಾರ್ಮಲಿನ್‌ಗೆ ಹಾಕಬೇಡಿ.
- ಮಾಸನ್ನು ಎಸೆಯಬೇಡಿ. ಅದು ಹೋದರೆ ಅರ್ಧ ಸಾಕ್ಷ್ಯ ಹೋದಂತೆ.

ನಮ್ಮ ತಾಲೂಕುಗಳಲ್ಲಿ
- ಈ ನಾಲ್ಕೂ 1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಯ ತಾಲೂಕುಗಳು. ದೇಹವನ್ನು ಹಾವೇರಿ ಅಥವಾ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜಿಗೆ ಕಳಿಸುವ ಮೊದಲು ಅಲ್ಲಿನ ರೋಗಶಾಸ್ತ್ರ ವಿಭಾಗಕ್ಕೆ ಫೋನ್ ಮಾಡಿ. ತಾಯಿ ಕಾರ್ಡ್, ಸ್ಕ್ಯಾನಿಂಗ್ ವರದಿ, ರಕ್ತದ ಗುಂಪಿನ ವಿವರ ಜೊತೆಗಿರಲಿ.
- ಸೋದರಮಾವ, ಅತ್ತೆಯ ಮಗನೊಂದಿಗಿನ ಮದುವೆ ನಮ್ಮಲ್ಲಿ ರೂಢಿಯಲ್ಲಿದೆ. ಸಂಬಂಧದೊಳಗಿನ ಮದುವೆಯೇ ಎಂದು ಕೇಳಿ ಬರೆದುಕೊಳ್ಳಿ. ಸುಪ್ತ ವಂಶವಾಹಿ ರೋಗ ಎಂದು ತಿಳಿದರೆ ಪ್ರತಿ ಗರ್ಭಕ್ಕೂ ಶೇ. 25ರಷ್ಟು ಮರುಕಳಿಸುವ ಸಾಧ್ಯತೆ.

ನೆನಪಿಡಿ
- ಆರ್‌ಎಚ್ ನೆಗೆಟಿವ್ ತಾಯಿಗೆ ಪ್ರತಿಕಾಯ ಬೆಳೆದಿರದಿದ್ದರೆ 28ನೇ ವಾರದಲ್ಲಿ, ಮಗು ಪಾಸಿಟಿವ್ ಆಗಿದ್ದರೆ ಹೆರಿಗೆಯ 72 ಗಂಟೆಯೊಳಗೆ ಮತ್ತೊಮ್ಮೆ ಆಂಟಿ-ಡಿ.
- ಮಗು ಕಳೆದುಕೊಂಡ ತಾಯಿ ಮೊದಲು ಕೇಳುವುದು "ಯಾಕ ಹಿಂಗಾತ್ರಿ?" ಎಂದು. ಅದಕ್ಕೆ ಉತ್ತರ ಕೊಡುವುದು, ಮುಂದಿನ ಬಸಿರನ್ನು ಕಾಪಾಡುವುದು ಶವಪರೀಕ್ಷೆಯ ಉದ್ದೇಶ. ಒಪ್ಪಿಗೆ ಕೇಳಲು ಹಿಂಜರಿಯಬೇಡಿ. ವರದಿ ಬಂದ ಮೇಲೆ ದಂಪತಿಯನ್ನು ಕರೆದು ಕೂಡಿಸಿ, ತಿಳಿಯುವ ಮಾತಿನಲ್ಲಿ ವಿವರಿಸಿ.