ಮೀಟಿಂಗ್‌ನಲ್ಲಿ ಸುಮ್ಮನಿರುವವರಿಂದ ಐಡಿಯಾ ಪಡೆಯುವುದು ಹೇಗೆ?

ಸಂಜೆ ಐದೂವರೆಗೆ ಮೀಟಿಂಗ್ ಕರೆದು ‘ಎಲ್ಲರೂ ಐಡಿಯಾ ಕೊಡಿ’ ಎಂದರೆ ಯಾರು ಕೊಡುತ್ತಾರೆ? ನವಿ ಮುಂಬಯಿಯ ಐರೋಲಿ, ಮಹಾಪೆಯ ಆಫೀಸುಗಳಿಗೆ ಬರುವ ಡೊಂಬಿವಲಿ, ಕಲ್ಯಾಣದವರ ಕಣ್ಣು ಆಗ ಗಡಿಯಾರದ ಮೇಲಿರುತ್ತದೆ. ಥಾಣೆಯಲ್ಲಿ ಗಾಡಿ ಬದಲಿಸಬೇಕು, ಫಾಸ್ಟ್ ಲೋಕಲ್ ತಪ್ಪಿದರೆ ಮನೆ ಸೇರುವುದು ತಡ. ಹಾಗಾಗಿ ಮೊದಲು ಹೊತ್ತು ಬದಲಿಸಿ. ಬೆಳಿಗ್ಗೆ ಚಹಾ ಆದ ಮೇಲಿನ ಅರ್ಧ ಗಂಟೆ ಸಾಕು. ಹಿಂದಿನ ದಿನವೇ ವಾಟ್ಸಾಪ್ ಗ್ರೂಪಿಗೆ ಒಂದು ಪ್ರಶ್ನೆ ಹಾಕಿ. ‘ಕೆಲಸ ಸುಧಾರಿಸುವುದು ಹೇಗೆ’ ಎಂದು ಕೇಳಿದರೆ ಭಾಷಣ ಬರುತ್ತದೆ. ‘ಮಧ್ಯಾಹ್ನ ಮೂರರ ಬಳಿಕ ಡಿಸ್ಪ್ಯಾಚ್ ಏಕೆ ತಡವಾಗುತ್ತದೆ’ ಎಂದು ಕೇಳಿದರೆ ಉತ್ತರ ಬರುತ್ತದೆ.

ಕೂತ ತಕ್ಷಣ ಮಾತು ಶುರು ಮಾಡಬೇಡಿ. ಎಲ್ಲರಿಗೂ ಚೀಟಿ ಕೊಟ್ಟು ಐದು ನಿಮಿಷ ಬರೆಯಲು ಬಿಡಿ. ಗುಂಪಾಗಿ ಕೂತು ಮಾತಾಡಿದರೆ ಐಡಿಯಾ ಹೆಚ್ಚು ಹುಟ್ಟುತ್ತದೆಂದು ಅಮೆರಿಕದ ಅಲೆಕ್ಸ್ ಆಸ್‌ಬಾರ್ನ್ ಪ್ರಚಾರ ಮಾಡಿದ್ದರು. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಪ್ರಯೋಗದಲ್ಲಿ ಕಂಡದ್ದೇ ಬೇರೆ: ನಾಲ್ವರು ಒಬ್ಬೊಬ್ಬರೇ ಯೋಚಿಸಿ ಕೊಟ್ಟದ್ದು, ನಾಲ್ವರ ಗುಂಪು ಕೊಟ್ಟದ್ದಕ್ಕಿಂತ ಹೆಚ್ಚಿತ್ತು. ಚೀಟಿ ಮರಾಠಿಯಲ್ಲಿರಲಿ, ಹಿಂದಿಯಲ್ಲಿರಲಿ, ಕನ್ನಡದಲ್ಲಿರಲಿ. ಇಂಗ್ಲಿಷ್ ತಪ್ಪಾದರೆ ನಗುತ್ತಾರೆಂಬ ಅಂಜಿಕೆಗೇ ಎಷ್ಟೋ ಮಂದಿ ಬಾಯಿ ಮುಚ್ಚಿಕೊಂಡಿರುತ್ತಾರೆ. ಓದುವಾಗ ಹೊಸಬರದ್ದು ಮೊದಲು, ಸಾಹೇಬರದ್ದು ಕೊನೆಗೆ. ಸಾಹೇಬರೇ ಶುರು ಮಾಡಿದರೆ ಉಳಿದವರ ಪಾಲಿಗೆ ‘ಹೌದು ಸರ್’ ಮಾತ್ರ.

ಇದೆಲ್ಲ ಎಸಿ ಆಫೀಸಿನವರ ಉಸಾಬರಿ ಎನ್ನಬೇಡಿ. ಮುಂಬಯಿ ಕಡೆಯ ನಮ್ಮ ತುಳು-ಕನ್ನಡಿಗರ ಹೋಟೆಲುಗಳನ್ನೇ ನೋಡಿ. ಗಲ್ಲೆಯಲ್ಲಿ ಕೂತವರಿಗೆ ವ್ಯಾಪಾರ ಎಷ್ಟಾಯಿತೆಂದು ಗೊತ್ತು. ಯಾವ ಪಲ್ಯ ಮುಟ್ಟದೆ ವಾಪಸು ಬರುತ್ತದೆ, ಸಾಂಬಾರಿಗೆ ಗಿರಾಕಿ ಯಾವತ್ತು ಮುಖ ಸಿಂಡರಿಸಿದ ಎನ್ನುವುದು ಟೇಬಲ್ ಒರೆಸುವ ಹುಡುಗನಿಗೇ ಗೊತ್ತು. ಎಲ್ಲರೆದುರು ನಿಲ್ಲಿಸಿ ಕೇಳಿದರೆ ಅವನು ತಲೆ ತಗ್ಗಿಸುತ್ತಾನೆ. ಮಧ್ಯಾಹ್ನದ ರಶ್ ಇಳಿದು ಅವನು ಊಟಕ್ಕೆ ಕೂತಾಗ ಪಕ್ಕದಲ್ಲಿ ಕೂತು, ತುಳುವಿನಲ್ಲೋ ಹಿಂದಿಯಲ್ಲೋ, ‘ಇವತ್ತು ಪ್ಲೇಟಿನಲ್ಲಿ ಏನು ಉಳಿಯಿತು?’ ಎಂದು ಕೇಳಿ. ಇಷ್ಟಕ್ಕೆ ಸಭೆ ಏಕೆ ಬೇಕು?

ಕೆಮಿಕಲ್ ಫ್ಯಾಕ್ಟರಿಗಳ ಮಾತು ಬೇರೆ. ಅಲ್ಲಿ ಒಬ್ಬ ಸುಮ್ಮನಿದ್ದರೂ ಜೀವಕ್ಕೆ ಅಪಾಯ. 2016ರ ಮೇ 26 ಮತ್ತು 2024ರ ಮೇ 23ರ ಸ್ಫೋಟಗಳನ್ನು ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶ ಮರೆತಿಲ್ಲ. ಭೋಪಾಲ ದುರಂತದ ಬಳಿಕ, ಕಾರ್ಖಾನೆ ಕಾಯ್ದೆಯ 1987ರ ತಿದ್ದುಪಡಿಯಲ್ಲಿ, ಅಪಾಯಕಾರಿ ಕಾರ್ಖಾನೆಗಳಿಗೆ ಸುರಕ್ಷಾ ಸಮಿತಿ ಕಡ್ಡಾಯವಾಯಿತು. ಸಮಿತಿಯಲ್ಲಿ ಕಾರ್ಮಿಕರಿಗೂ ಆಡಳಿತಕ್ಕೂ ಸಮನಾದ ಸ್ಥಾನವನ್ನು ಆಗ ಕೊಡಲಾಯಿತು. ರಿಜಿಸ್ಟರಿಗೆ ಸಹಿ ಹಾಕಿಸಿ ಕಳುಹಿಸಿದರೆ ಸಮಿತಿ ಇದ್ದೂ ಇಲ್ಲದಂತೆ. ವಾಲ್ವ್ ಸೋರುವುದು ಮೊದಲು ಕಾಣುವುದು ನೈಟ್ ಶಿಫ್ಟಿನ ಆಪರೇಟರಿಗೆ, ಹೆಲ್ಪರಿಗೆ. ಗುತ್ತಿಗೆಯವರೆಂದು ಬಿಡದೆ ಅವರನ್ನೇ ಮೊದಲು ಕೇಳಿ.

ಬಂದ ಪ್ರತಿ ಸಲಹೆಗೂ ವಾರದೊಳಗೆ ಉತ್ತರ ಕೊಡಿ. ‘ಆಗುವುದಿಲ್ಲ, ಕಾರಣ ಇದು’ ಎಂದರೂ ಸರಿ. ಜಾರಿಯಾದರೆ ಕೊಟ್ಟವರ ಹೆಸರು ನೋಟಿಸ್ ಬೋರ್ಡಿಗೆ ಬರಲಿ. ಮ್ಯಾನೇಜರ್ ಅದನ್ನು ತನ್ನದೆಂದು ಮೇಲಕ್ಕೆ ಕಳುಹಿಸಿದರೆ ಮರುವಾರ ಚೀಟಿಗಳೇ ಬರುವುದಿಲ್ಲ. ಮೊದಲ ಸಲ ಅರ್ಧಕ್ಕರ್ಧ ಖಾಲಿ ಬಂದೀತು, ಯಾರನ್ನೂ ಗದರಿಸಬೇಡಿ. ಮುಂದಿನ ವಾರ ಪ್ರಶ್ನೆಯನ್ನು ಇನ್ನೂ ಚಿಕ್ಕದಾಗಿಸಿ ಕೇಳಿ.